ಅಮೆರಿಕದ ಪ್ರಾದೇಶಿಕ ಆಡುಮಾತುಗಳ ಹುಟ್ಟಿನ ಕಥೆಗಳು: ಯಾವುದನ್ನು ನಂಬುವುದು, ಹೇಗೆ ಪರಿಶೀಲಿಸುವುದು?

ಪ್ರಶ್ನೆ: ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದ ಪದವಿ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ನಮ್ಮ ವಿದ್ಯಾರ್ಥಿಗಳು ಗೋಡೆಪತ್ರಿಕೆಯ ಮುಂದಿನ ಸಂಚಿಕೆಯನ್ನು ಅಮೆರಿಕದ ಬೇರೆ ಬೇರೆ ಪ್ರದೇಶಗಳ ಆಡುಮಾತಿಗೆ ಮೀಸಲಿಡಲು ನಿರ್ಧರಿಸಿ, ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿರುವ ಪಟ್ಟಿಯೊಂದನ್ನು ನನಗೆ ತಂದುಕೊಟ್ಟಿದ್ದಾರೆ. ಪ್ರತಿ ಪದದ ಮುಂದೆಯೂ ಅದು ಹುಟ್ಟಿದ ಬಗೆ ಬರೆದಿದೆ. ಓದಲು ಸ್ವಾರಸ್ಯವಾಗಿದೆ, ಆದರೆ ಇದಕ್ಕೆಲ್ಲ ಆಧಾರ ಏನೆಂದು ಎಲ್ಲಿಯೂ ಹೇಳಿಲ್ಲ.

ಕೆಲವನ್ನು ಇಲ್ಲಿ ಕೊಡುತ್ತೇನೆ. ಇಂಡಿಯಾನಾ ರಾಜ್ಯದವರಿಗೆ 'ಹೂಜಿಯರ್' ಎಂಬ ಹೆಸರು ಬಂದದ್ದು, ಲೂಯಿವಿಲ್ಲಿನ ಕಾಲುವೆ ಕೆಲಸಕ್ಕೆ ಆ ರಾಜ್ಯದ ಆಳುಗಳನ್ನೇ ಇಟ್ಟುಕೊಳ್ಳುತ್ತಿದ್ದ ಸ್ಯಾಮ್ಯುಯೆಲ್ ಹೂಜಿಯರ್ ಎಂಬ ಗುತ್ತಿಗೆದಾರನಿಂದ ಎನ್ನುತ್ತದೆ ಪಟ್ಟಿ. ಶಿಕಾಗೊ ನಗರವು 'ವಿಂಡಿ ಸಿಟಿ' ಆದದ್ದು, 1893ರ ವಿಶ್ವಮೇಳಕ್ಕಾಗಿ ಪೈಪೋಟಿ ನಡೆದಿದ್ದಾಗ ನ್ಯೂಯಾರ್ಕ್ ಸನ್ ಪತ್ರಿಕೆಯ ಸಂಪಾದಕ ಚಾರ್ಲ್ಸ್ ಡಾನಾ ಶಿಕಾಗೊದವರ ಬಡಾಯಿಯನ್ನು ಹಂಗಿಸಿದ್ದರಿಂದಂತೆ. 1901ರ ಒಂದು ಚಳಿಯ ದಿನ ನ್ಯೂಯಾರ್ಕಿನ ಪೋಲೊ ಗ್ರೌಂಡ್ಸ್ ಕ್ರೀಡಾಂಗಣದಲ್ಲಿ ಬಿಸಿ ಸಾಸೇಜ್ ಮಾರುವುದನ್ನು ಕಂಡ ವ್ಯಂಗ್ಯಚಿತ್ರಕಾರ ಟ್ಯಾಡ್ ಡೋರ್ಗನ್, ಆ ಸಾಸೇಜಿಗೆ ಇಟ್ಟಿದ್ದ 'ಡ್ಯಾಕ್ಸ್‌ಹುಂಡ್' ಎಂಬ ನಾಯಿಯ ಹೆಸರಿನ ಕಾಗುಣಿತ ತಿಳಿಯದೆ ಚಿತ್ರದ ಕೆಳಗೆ 'ಹಾಟ್ ಡಾಗ್' ಎಂದು ಬರೆದನಂತೆ. ಮೆಕ್ಸಿಕೊ ಯುದ್ಧದಲ್ಲಿ ಅಮೆರಿಕದ ಸೈನಿಕರು 'ಗ್ರೀನ್ ಗ್ರೋ' ಎಂದು ಮೊದಲಾಗುವ ಹಾಡನ್ನು ಹಾಡುತ್ತಿದ್ದುದರಿಂದ, ಮೆಕ್ಸಿಕೊದವರು ಪರದೇಶದವರಿಗೆ, ಅದರಲ್ಲೂ ಅಮೆರಿಕದವರಿಗೆ, ಹೇಳುವ 'ಗ್ರಿಂಗೊ' ಹುಟ್ಟಿತಂತೆ. ಲೂಯಿಸಿಯಾನದ 'ಜಂಬಲಾಯ' ಎಂಬ ಅನ್ನದ ಅಡುಗೆಗೆ ಆ ಹೆಸರು ಬಂದದ್ದು, ರಾತ್ರಿ ತಡವಾಗಿ ಬಂದ ಅತಿಥಿಯೊಬ್ಬ ಜಾಂ ಎಂಬ ಅಡುಗೆಯವನಿಗೆ 'ಜಾಂ, ಬಲಾಯೆ', ಅಂದರೆ 'ಇರುವುದನ್ನೆಲ್ಲ ಕಲಸಿ ಕೊಡು' ಎಂದದ್ದರಿಂದಂತೆ. ಕೊನೆಯಲ್ಲಿ, ಕುಗ್ರಾಮ ಎಂಬರ್ಥದ 'ಬೂನ್‌ಡಾಕ್ಸ್' ಫಿಲಿಪೀನ್ಸಿನ ಪದವೆಂದೂ, ದಕ್ಷಿಣದ ರಾಜ್ಯಗಳಲ್ಲಿ ಕಡಲೆಕಾಯಿಗೆ ಹೇಳುವ 'ಗೂಬರ್' ಆಫ್ರಿಕದ ಪದವೆಂದೂ ಇದೆ.

ಇವುಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬಹುದು, ಮತ್ತು ಶಿವಮೊಗ್ಗದಲ್ಲಿ ಕುಳಿತು ವಿದ್ಯಾರ್ಥಿಗಳೇ ಇದನ್ನು ಪರೀಕ್ಷಿಸುವ ದಾರಿ ಇದೆಯೇ ಎಂಬುದು ನನ್ನ ಪ್ರಶ್ನೆ. ಶಂಕರಘಟ್ಟದ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗಿಬರಲು ಅಡ್ಡಿಯೇನೂ ಇಲ್ಲ. ಆದರೆ ನೂರೈವತ್ತು ವರ್ಷ ಹಳೆಯ ಅಮೆರಿಕದ ದಿನಪತ್ರಿಕೆಗಳನ್ನು ಅಲ್ಲಿ ನಿರೀಕ್ಷಿಸುವುದು ನ್ಯಾಯವಲ್ಲ.

ಉತ್ತರ: ನಿವೃತ್ತ ಗ್ರಂಥಪಾಲಕ, ಸಾಗರ

ಮೇಡಂ, ನಿಮ್ಮ ಪಟ್ಟಿಯ ಕೊನೆಯ ಎರಡು ನಿಲ್ಲುತ್ತವೆ, ಮೊದಲ ಐದು ನಿಲ್ಲುವುದಿಲ್ಲ. ಹಾಗೆ ಹೇಳಿಬಿಟ್ಟರೆ ನನ್ನ ಮಾತೂ ವಾಟ್ಸ್ಆ್ಯಪ್ ಪಟ್ಟಿಯಂತೆಯೇ ಆಗುತ್ತದೆಯಾದ್ದರಿಂದ ಕಾರಣವನ್ನೂ ಬರೆಯುತ್ತೇನೆ.

ಮೊದಲು ನೋಡಬೇಕಾದದ್ದು ತಾರೀಖು. ಕಥೆ ಹೇಳುವ ವರ್ಷಕ್ಕಿಂತ ಮೊದಲೇ ಪದವು ಅದೇ ಅರ್ಥದಲ್ಲಿ ಅಚ್ಚಿನಲ್ಲಿ ಸಿಕ್ಕಿತೆಂದರೆ ಕಥೆ ಅಲ್ಲಿಗೇ ಮುಗಿಯಿತು. ಅದು ಎಷ್ಟೇ ಸೊಗಸಾಗಿರಲಿ, ಯಾರೇ ಹೇಳಿರಲಿ, ಮುಂದಿನ ವಾದ ಬೇಕಿಲ್ಲ. ನಮ್ಮ ಕಡೆ ಜಮೀನಿನ ವ್ಯಾಜ್ಯದಲ್ಲಿ ಅಜ್ಜ ಹೇಳಿದ ಮಾತಿಗಿಂತ ಪಹಣಿಗೆ ಬೆಲೆ ಹೆಚ್ಚು. ಪದದ ವಿಷಯದಲ್ಲಿಯೂ ಹಾಗೆಯೇ. 'ವಿಂಡಿ ಸಿಟಿ'ಯನ್ನು ನೋಡಿ. ಬ್ಯಾರಿ ಪೊಪಿಕ್ ಎಂಬ ಸಂಶೋಧಕರು ಹಳೆಯ ಪತ್ರಿಕೆಗಳನ್ನು ಜಾಲಾಡಿ, 1876ರಲ್ಲಿಯೇ ಸಿನ್ಸಿನಾಟಿಯ ಪತ್ರಿಕೆಗಳು ಶಿಕಾಗೊವನ್ನು ಹೀಗೆ ಕರೆಯುತ್ತಿದ್ದುದನ್ನು ತೋರಿಸಿದರು. ಆ ಎರಡು ಊರುಗಳ ನಡುವೆ ಮಾಂಸದ ವ್ಯಾಪಾರದಲ್ಲಿಯೂ ಬೇಸ್‌ಬಾಲ್‌ನಲ್ಲಿಯೂ ಸ್ಪರ್ಧೆಯಿತ್ತು. ಆ ವರ್ಷದ ಮೇ ತಿಂಗಳಲ್ಲಿ ಶಿಕಾಗೊಗೆ ಸುಂಟರಗಾಳಿ ಬಡಿದಾಗ ಬೀಸುವ ಗಾಳಿ, ಬಡಾಯಿಯ ಗಾಳಿ ಎರಡನ್ನೂ ಸೇರಿಸಿ ಗೇಲಿ ಮಾಡಲು ಸಿನ್ಸಿನಾಟಿಯವರಿಗೆ ಒಳ್ಳೆಯ ಅವಕಾಶ ದೊರೆಯಿತು. ವಿಶ್ವಮೇಳದ ಪೈಪೋಟಿ ನಡೆದದ್ದು ಅದಾಗಿ ಹತ್ತು ವರ್ಷಕ್ಕೂ ಮೇಲೆ. ಡಾನಾ ಆ ಮಾತನ್ನು ಬಳಸಿದ್ದರೂ ಅದನ್ನು ಹುಟ್ಟಿಸಿದವರಂತೂ ಅಲ್ಲ.

'ಹಾಟ್ ಡಾಗ್' ಕಥೆ ಎರಡು ಕಡೆ ಕುಸಿಯುತ್ತದೆ. 1901ರಲ್ಲಿ ಡೋರ್ಗನ್ ಇನ್ನೂ ಸ್ಯಾನ್ ಫ್ರಾನ್ಸಿಸ್ಕೊದಲ್ಲಿದ್ದರು; ಪೋಲೊ ಗ್ರೌಂಡ್ಸ್‌ನ ಆ ವ್ಯಂಗ್ಯಚಿತ್ರವನ್ನು ಯಾರೂ ಇದುವರೆಗೆ ಕಂಡಿಲ್ಲ. ಇನ್ನೊಂದು ಕಡೆ, 1895ರಲ್ಲಿಯೇ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆಯಲ್ಲಿ ಈ ಪದವಿದೆ. ಸಾಸೇಜಿನಲ್ಲಿ ನಾಯಿಮಾಂಸ ಬೆರೆತಿರುತ್ತದೆ ಎಂಬ ಆ ಕಾಲದ ಕುಚೋದ್ಯವೇ ಅದರ ಬೇರು. ವ್ಯಂಗ್ಯಚಿತ್ರಕಾರನ ಮುಗ್ಧ ಕಥೆ ಅಷ್ಟು ಬೇಗ ಹಬ್ಬಿದ್ದಕ್ಕೆ, ನಾಯಿಮಾಂಸದ ಮಾತನ್ನು ಮರೆಸುವ ಅನುಕೂಲವೂ ಕಾರಣವಿದ್ದೀತೆಂದು ನನ್ನ ಊಹೆ.

'ಗ್ರಿಂಗೊ' ಇನ್ನೂ ಸುಲಭ. ಮೆಕ್ಸಿಕೊ ಯುದ್ಧ ನಡೆದದ್ದು 1846ರಿಂದ 1848ರವರೆಗೆ. ಆದರೆ ಸ್ಪೇನಿನ ಟೆರೆರೋಸ್ ಎಂಬ ವಿದ್ವಾಂಸರ ಹದಿನೆಂಟನೆಯ ಶತಮಾನದ ನಿಘಂಟಿನಲ್ಲಿಯೇ ಈ ಪದವಿದೆ: ಮಾಲಗಾದಲ್ಲಿ, ಸ್ಪ್ಯಾನಿಷ್ ಸರಿಯಾಗಿ ಬಾರದೆ ವಿಚಿತ್ರವಾಗಿ ಉಚ್ಚರಿಸುವ ಪರದೇಶದವರನ್ನು ಹೀಗೆ ಕರೆಯುತ್ತಾರೆಂದು ಅದು ಹೇಳುತ್ತದೆ. ಗ್ರೀಕ್ ಎಂಬರ್ಥದ 'ಗ್ರಿಯೇಗೊ' ಮಾತಿನಿಂದ ಅದು ಬಂದಿರಬೇಕೆಂಬುದು ಹೆಚ್ಚಿನವರ ಅಭಿಪ್ರಾಯ.

ಎರಡನೆಯ ಪರೀಕ್ಷೆ ಮೂಲಭಾಷೆಯದು. 'ಬಲಾಯೆ' ಎಂದರೆ ಫ್ರೆಂಚಿನಲ್ಲಿ 'ಗುಡಿಸಿ' ಎಂದರ್ಥ, 'ಕಲಸಿ' ಎಂದಲ್ಲ. ಕಥೆ ಕಟ್ಟಿದವರು ನಿಘಂಟು ತೆರೆದಿದ್ದರೆ ಅಲ್ಲಿಯೇ ನಿಲ್ಲುತ್ತಿದ್ದರು. ಫ್ರಾನ್ಸಿನ ದಕ್ಷಿಣ ಭಾಗದ ಪ್ರೊವಾನ್ಸಾಲ್ ನುಡಿಯಲ್ಲಿ ಕಲಸುಮೇಲೋಗರ ಎಂಬರ್ಥದ 'ಜಂಬಲಾಯ' ಎಂಬ ಪದವೇ ಇರುವಾಗ ಜಾಂ ಎಂಬ ಅಡುಗೆಯವನ ಅಗತ್ಯ ಬೀಳುವುದಿಲ್ಲ. ಧ್ವನಿಸಾಮ್ಯವೊಂದೇ ಸಾಕೆನ್ನುವುದಾದರೆ ಲೂಯಿಸಿಯಾನದ 'ಗಂಬೊ' ಎಂಬ ಸಾರನ್ನು ನಮ್ಮ ಗೊಂಬೆಯಿಂದಲೂ ಹುಟ್ಟಿಸಬಹುದು. ವಾಸ್ತವದಲ್ಲಿ ಅದು ಬೆಂಡೆಕಾಯಿಗೆ ಅಂಗೋಲಾ ಕಡೆಯ ಬಂಟು ಭಾಷೆಗಳಲ್ಲಿರುವ ಹೆಸರು.

'ಹೂಜಿಯರ್' ವಿಷಯದಲ್ಲಿ ಮಾತ್ರ ನಿಮಗೆ ನೇರ ಉತ್ತರ ಸಿಗದು. 1833ರ ಹೊಸವರ್ಷದ ದಿನ ಇಂಡಿಯಾನಾಪೊಲಿಸ್‌ನ ಪತ್ರಿಕೆಯಲ್ಲಿ ಜಾನ್ ಫಿನ್ಲಿಯವರ ಕವಿತೆಯೊಂದು ಬಂದ ಮೇಲೆ ಪದ ಮನೆಮಾತಾಯಿತು. ಬಳಕೆ ಅದಕ್ಕಿಂತ ಸ್ವಲ್ಪ ಹಿಂದಿನದು. ಆ ಗುತ್ತಿಗೆದಾರನ ಹೆಸರು ಕಾಲುವೆಯ ದಾಖಲೆಗಳಲ್ಲಿ ಸಿಕ್ಕಿಲ್ಲ. ದಕ್ಷಿಣದ ಗುಡ್ಡಗಾಡಿನಲ್ಲಿ ಒರಟು ಹಳ್ಳಿಗನಿಗೆ ಹೇಳುತ್ತಿದ್ದ ಬೈಗುಳ ಉತ್ತರಕ್ಕೆ ಬಂದು, ಬೈಸಿಕೊಂಡವರೇ ಅದನ್ನು ಹೆಮ್ಮೆಯಿಂದ ಹೊತ್ತುಕೊಂಡರು ಎನ್ನುವಲ್ಲಿಗೆ ವಿದ್ವಾಂಸರು ಬಂದು ನಿಂತಿದ್ದಾರೆ. ಸೇಂಟ್ ಲೂಯಿಸ್ ನಗರದಲ್ಲಿ ಅದು ಇಂದಿಗೂ ಬೈಗುಳವೇ; ಇಂಡಿಯಾನಾದವರನ್ನು ಕುರಿತು ಅಮೆರಿಕದ ಸರಕಾರಿ ಮುದ್ರಣಾಲಯದ ಶೈಲಿ ಕೈಪಿಡಿಯು 2017ರಲ್ಲಿ ಅದನ್ನೇ ಅಧಿಕೃತ ಹೆಸರಾಗಿ ಒಪ್ಪಿಕೊಂಡಿತು. ಗೋಡೆಪತ್ರಿಕೆಗೆ ಇದು ಗುತ್ತಿಗೆದಾರನ ಕಥೆಗಿಂತ ಒಳ್ಳೆಯ ಸಾಮಗ್ರಿ ಎಂದು ನನಗನ್ನಿಸುತ್ತದೆ.

ಉತ್ತರ: ಅಡಿಕೆತೋಟ, ತೀರ್ಥಹಳ್ಳಿ

ಇಷ್ಟೊಂದು ಕಟ್ಟುನಿಟ್ಟು ಬೇಕೇ ಎಂದು ಕೇಳುವ ಧೈರ್ಯ ಮಾಡುತ್ತೇನೆ. ನಮ್ಮ ಶಿವಮೊಗ್ಗದ ಹೆಸರಿಗೇ ಎರಡು ಕಥೆಗಳಿವೆ: ಒಬ್ಬರು ಶಿವಮುಖ ಎನ್ನುತ್ತಾರೆ, ಇನ್ನೊಬ್ಬರು ದೂರ್ವಾಸ ಋಷಿಗಳ ಆಶ್ರಮದ ಸಿಹಿ ಮೊಗೆ ಎನ್ನುತ್ತಾರೆ. ಎರಡನ್ನೂ ಕೇಳಿಕೊಂಡೇ ಬೆಳೆದಿದ್ದೇವೆ, ಯಾರಿಗೂ ನಷ್ಟವಾಗಿಲ್ಲ. ಮಕ್ಕಳು ಕಥೆಯ ನೆಪದಲ್ಲಿ ಪದವನ್ನಾದರೂ ನೆನಪಿಟ್ಟುಕೊಳ್ಳುತ್ತಾರಲ್ಲ?

ಉತ್ತರ: ನಿವೃತ್ತ ಗ್ರಂಥಪಾಲಕ, ಸಾಗರ

ಸರ್, ಕಥೆಯನ್ನು ಕಥೆಯೆಂದೇ ಹೇಳುವುದಾದರೆ ನನ್ನ ತಕರಾರಿಲ್ಲ. ಆದರೆ ನಷ್ಟ ಯಾರಿಗೂ ಆಗುವುದಿಲ್ಲ ಎಂಬುದನ್ನು ಒಪ್ಪಲಾರೆ. ನ್ಯೂಯಾರ್ಕಿಗೆ 'ಬಿಗ್ ಆಪಲ್' ಎಂಬ ಹೆಸರು, ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಈವ್ ಎಂಬಾಕೆ ನಡೆಸುತ್ತಿದ್ದ ವೇಶ್ಯಾಗೃಹದಿಂದ ಬಂತೆಂಬ ಕಥೆ ಅಂತರ್ಜಾಲದಲ್ಲಿ ಬಹಳ ಕಾಲ ಸುತ್ತಿದೆ; ಅದಕ್ಕೆ ಆ ಕಾಲದ ಒಂದು ಸಾಲಿನ ಆಧಾರವೂ ಇಲ್ಲ. ಪೊಪಿಕ್ ಮತ್ತು ಜೆರಾಲ್ಡ್ ಕೊಹೆನ್ ಹುಡುಕಿ ತೆಗೆದ ದಾಖಲೆ ಬೇರೆಯೇ ಹೇಳುತ್ತದೆ. ಆ ಹೆಸರನ್ನು 1920ರ ದಶಕದಲ್ಲಿ ಜನರ ಬಾಯಿಗೆ ತಂದವರು ಜಾನ್ ಫಿಟ್ಸ್‌ಜೆರಾಲ್ಡ್ ಎಂಬ ಕುದುರೆ ರೇಸಿನ ಅಂಕಣಕಾರರು. ಅವರು 1924ರ ತಮ್ಮ ಅಂಕಣದಲ್ಲಿ, ನ್ಯೂ ಆರ್ಲಿಯನ್ಸ್‌ನ ರೇಸ್ ಮೈದಾನದಲ್ಲಿ ಲಾಯದ ಕೆಲಸ ಮಾಡುತ್ತಿದ್ದ ಇಬ್ಬರು ಕರಿಯ ಜನಾಂಗದವರ ಬಾಯಲ್ಲಿ ಅದನ್ನು ಮೊದಲು ಕೇಳಿದ್ದಾಗಿ ಬರೆದಿದ್ದಾರೆ. ದೊಡ್ಡ ಬಹುಮಾನಗಳಿರುವ ನ್ಯೂಯಾರ್ಕಿನ ರೇಸುಗಳೇ ಅವರ ಪಾಲಿನ ದೊಡ್ಡ ಸೇಬು. ಈವ್ ಕಥೆಯನ್ನು ಉಳಿಸಿಕೊಂಡರೆ, ಹೆಸರೂ ದಾಖಲಾಗದ ಆ ಇಬ್ಬರು ಎರಡನೆಯ ಸಲ ಅಳಿಸಿಹೋಗುತ್ತಾರೆ.

ಹಾಗೆಂದು ಚೆಂದದ ಕಥೆಯೆಲ್ಲ ಸುಳ್ಳೆಂದೂ ತೀರ್ಮಾನಿಸಬೇಡಿ. ಯಾವ ಗುಂಪಿಗೂ ಸೇರದೆ ತನ್ನ ದಾರಿ ಹಿಡಿಯುವವನಿಗೆ ಹೇಳುವ 'ಮ್ಯಾವರಿಕ್', ನಿಜವಾಗಿಯೂ ಟೆಕ್ಸಾಸಿನ ಸ್ಯಾಮ್ಯುಯೆಲ್ ಮ್ಯಾವರಿಕ್ ಎಂಬ ವಕೀಲರ ಹೆಸರು. ಸಾಲದ ಬಾಬ್ತು ಬಂದ ದನಗಳಿಗೆ ಮುದ್ರೆ ಹಾಕಿಸದೆ ಅವರು ಬಿಟ್ಟಿದ್ದರಿಂದ, ಮುದ್ರೆಯಿಲ್ಲದ ದನಕ್ಕೆಲ್ಲ ಆ ಹೆಸರಾಯಿತು. ವ್ಯಕ್ತಿ ಇದ್ದರು, ದನಗಳಿದ್ದವು, ಅವರ ಜೀವಿತಕಾಲದಲ್ಲಿಯೇ, 1860ರ ದಶಕದಲ್ಲಿ, ಪದ ಅಚ್ಚಾಯಿತು.

ಉತ್ತರ: ಕುಂಚಿಕಲ್, ಹೊಸನಗರ

ಗ್ರಂಥಪಾಲಕರ ಮಾತಿನಲ್ಲಿ ಹೆಚ್ಚಿನದನ್ನು ಒಪ್ಪುತ್ತೇನೆ. ಆದರೆ ಅವರ ಪಹಣಿಯ ಮಾತಿಗೆ ಸಾಗರದವರಿಂದಲೇ ಉತ್ತರ ಬರಬೇಕಿತ್ತು. 1951ರಲ್ಲಿ ಅವರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಕುಳಿತಾಗ, ತಲೆಮಾರುಗಳಿಂದ ಉಳುತ್ತಿದ್ದವರಲ್ಲಿ ಎಷ್ಟು ಮಂದಿಯ ಹೆಸರು ದಾಖಲೆಯಲ್ಲಿತ್ತು? ಅಚ್ಚುಮೊಳೆ ಯಾರ ಕೈಯಲ್ಲಿತ್ತೋ ಅವರ ಮಾತು ಬೇಗ ಅಚ್ಚಾಯಿತು. ಅಕ್ಷರ ಕಲಿಯುವುದನ್ನೇ ಕಾನೂನಿನಿಂದ ತಡೆದಿದ್ದ ರಾಜ್ಯಗಳಲ್ಲಿ ಗುಲಾಮರಾಗಿದ್ದವರ ಮಾತು ಅಚ್ಚಿಗೆ ಬಂದದ್ದು ಬಹುತೇಕ ಬಿಳಿಯರ ಕಿವಿಯ ಮೂಲಕ, ತಡವಾಗಿ, ಎಷ್ಟೋ ಸಲ ಗೇಲಿಯ ರೂಪದಲ್ಲಿ. ಆದ್ದರಿಂದ ಮೊದಲ ಅಚ್ಚಿನ ತಾರೀಖು ಒಂದು ಕಥೆಯನ್ನು ಕೆಡವಲು ಸಾಕಾದರೂ, ಪದವು ಯಾರದ್ದೆಂದು ಹೇಳಲು ಸಾಲದು.

ದಕ್ಷಿಣ ಕೆರೊಲಿನಾ ಮತ್ತು ಜಾರ್ಜಿಯಾ ಕರಾವಳಿಯ ದ್ವೀಪಗಳಲ್ಲಿ ಆಡುವ ಗಲ್ಲಾ ನುಡಿ ಇದಕ್ಕೆ ತಕ್ಕ ನಿದರ್ಶನ. ಅದು ಹಳೆಯ ಇಂಗ್ಲಿಷ್ ಉಪಭಾಷೆಗಳ ಕೆಟ್ಟ ರೂಪವೆಂದೇ ಅಲ್ಲಿಯ ವಿದ್ವಾಂಸರು ಬಹುಕಾಲ ಬರೆಯುತ್ತಿದ್ದರು. ಆಫ್ರಿಕನ್ ಅಮೆರಿಕನ್ ಭಾಷಾವಿಜ್ಞಾನಿ ಲೊರೆಂಜೊ ಡೌ ಟರ್ನರ್ 1930ರ ದಶಕದಲ್ಲಿ ಧ್ವನಿಮುದ್ರಣ ಯಂತ್ರದೊಂದಿಗೆ ಆ ದ್ವೀಪಗಳಿಗೆ ಹೋಗಿ, ಜನರ ಮಾತು, ಹಾಡು, ಪ್ರಾರ್ಥನೆಗಳನ್ನು ದಾಖಲಿಸಿಕೊಂಡರು. ಅದರ ಜೊತೆಗೆ ಪಶ್ಚಿಮ ಆಫ್ರಿಕದ ಭಾಷೆಗಳನ್ನೂ ಕಲಿತರು. 1949ರಲ್ಲಿ ಅವರ ಗ್ರಂಥ ಪ್ರಕಟವಾದಾಗ, ಮನೆಯೊಳಗೆ ಮಾತ್ರ ಕರೆಯುವ ಅಡ್ಡಹೆಸರುಗಳೂ ಸೇರಿ ಸಾವಿರಾರು ಪದಗಳ ಆಫ್ರಿಕನ್ ನಂಟು ಹೊರಬಿತ್ತು. ದ್ವೀಪದ ಹೊರಗಿನವರು ಕೇಳಿದರೆ ಆ ಜನ ಇಂಗ್ಲಿಷ್ ಹೆಸರನ್ನಷ್ಟೇ ಹೇಳುತ್ತಿದ್ದರು. ಹಾಗಾಗಿ ಅಚ್ಚಾದ ಪತ್ರಿಕೆಗಳನ್ನು ಎಷ್ಟು ಜಾಲಾಡಿದರೂ ಅವು ಸಿಗುತ್ತಿರಲಿಲ್ಲ.

ನಿಮ್ಮ 'ಗೂಬರ್' ಇಲ್ಲಿ ಚೆನ್ನಾಗಿ ಕೂರುತ್ತದೆ. ಕೊಂಗೊ ಪ್ರದೇಶದ ಭಾಷೆಗಳಲ್ಲಿ 'ಂಗುಬ' ಎಂದರೆ ಕಡಲೆಕಾಯಿ. ಬೆಳೆಯ ಮೂಲ ದಕ್ಷಿಣ ಅಮೆರಿಕ. ಪೋರ್ಚುಗೀಸರ ಹಡಗುಗಳಲ್ಲಿ ಆಫ್ರಿಕಕ್ಕೆ ಹೋಗಿ, ಗುಲಾಮರ ಹಡಗುಗಳ ಕಾಲದಲ್ಲಿ ಆಫ್ರಿಕದ ಹೆಸರಿನೊಂದಿಗೆ ಉತ್ತರ ಅಮೆರಿಕಕ್ಕೆ ಬಂತು. ಧ್ವನಿ, ಅರ್ಥ, ಜನರು ಬಂದ ದಾರಿ ಮೂರೂ ಕೂಡುತ್ತವೆ. 'ಬೂನ್‌ಡಾಕ್ಸ್' ಕೂಡ ಹೀಗೆಯೇ: ಟಾಗಲಾಗ್ ಭಾಷೆಯ 'ಬುಂಡೊಕ್' ಎಂದರೆ ಬೆಟ್ಟ, 1899ರಿಂದ ಅಲ್ಲಿ ಯುದ್ಧ ಮಾಡಿದ ಅಮೆರಿಕದ ಸೈನಿಕರು ಅದನ್ನು ಊರಿಗೆ ತಂದರು. ಬೆಟ್ಟ ಎಂಬ ಪದವೇ ಕುಗ್ರಾಮ ಎಂಬ ತಾತ್ಸಾರದ ಮಾತಾದದ್ದನ್ನು ಘಟ್ಟದ ಮೇಲಿನ ನಾವು ಬೇಗ ಅರ್ಥಮಾಡಿಕೊಳ್ಳುತ್ತೇವೆ.

ಆದರೆ ಈ ಸಹಾನುಭೂತಿಯೂ ಹದ ಮೀರಬಾರದು. ಹೊಸ ರೀತಿನೀತಿ ಬಲ್ಲವನೆಂಬರ್ಥದ 'ಹಿಪ್' ಎಂಬ ಪದ ಸೆನೆಗಲ್ಲಿನ ವೊಲೊಫ್ ಭಾಷೆಯದೆಂದು ಡೇವಿಡ್ ಡಾಲ್ಬಿ ಸೂಚಿಸಿದ್ದು ಬಹಳ ಕಡೆ ಸಿದ್ಧಾಂತದಂತೆ ಉಲ್ಲೇಖವಾಗುತ್ತದೆ. ಅದು ಅಚ್ಚಿನಲ್ಲಿ ಕಾಣುವುದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ನಡುವಿನ ನೂರು ವರ್ಷಗಳಿಗೆ ಕೊಂಡಿಯಿಲ್ಲ. ಡೇನಿಯಲ್ ಕ್ಯಾಸಿಡಿ ಎಂಬವರು 2007ರಲ್ಲಿ 'ಜಾಝ್' ಸೇರಿದಂತೆ ಅಮೆರಿಕದ ಎಷ್ಟೋ ಆಡುಮಾತುಗಳು ಐರಿಷ್ ಭಾಷೆಯಿಂದ ಬಂದವೆಂದು ಪುಸ್ತಕವನ್ನೇ ಬರೆದರು. ಅವರು ಮೂಲವೆಂದು ಕೊಟ್ಟ ನುಡಿಗಟ್ಟುಗಳಲ್ಲಿ ಅನೇಕವನ್ನು ಐರಿಷ್ ಬಲ್ಲವರು ಯಾರೂ ಆಡುವುದಿಲ್ಲ ಎಂದು ಆ ಭಾಷೆಯವರೇ ಆಕ್ಷೇಪಿಸಿದರು. ತುಳಿತಕ್ಕೊಳಗಾದ ಜನರಿಗೆ ನ್ಯಾಯ ಸಲ್ಲಿಸುವ ಆಸೆ ಒಳ್ಳೆಯದೇ. ಟರ್ನರ್ ಅದಕ್ಕಾಗಿ ಭಾಷೆಗಳನ್ನು ಕಲಿತರು, ಕ್ಯಾಸಿಡಿ ನಿಘಂಟಿನಿಂದ ತುಣುಕುಗಳನ್ನು ಜೋಡಿಸಿದರು.

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ಕೃತಜ್ಞತೆಗಳು. ಎರಡು ಸಂದೇಹಗಳು ಉಳಿದಿವೆ. ಮೊದಲಕ್ಷರಗಳನ್ನು ಜೋಡಿಸಿ ಹೇಳುವ ವ್ಯುತ್ಪತ್ತಿಗಳನ್ನು ನೋಡಿದ ಕೂಡಲೇ ತಿರಸ್ಕರಿಸಿ ಎಂದು ಕೆಲವರು ಹೇಳುತ್ತಾರೆ. ಹಾಗಾದರೆ 'ಓಕೆ'ಯ ಗತಿಯೇನು? ಎರಡನೆಯದಾಗಿ, ಹುಡುಕುವ ಕೆಲಸವನ್ನು ವಿದ್ಯಾರ್ಥಿಗಳಿಗೆ ಹೇಗೆ ಹಂಚಲಿ?

ಉತ್ತರ: ನಿವೃತ್ತ ಗ್ರಂಥಪಾಲಕ, ಸಾಗರ

ಹೊಸನಗರದವರ ಕಾಗೋಡಿನ ಮಾತು ಸರಿಯಾಗಿಯೇ ತಾಕಿತು. ಅದಕ್ಕೆ ನನ್ನಲ್ಲಿ ಪ್ರತಿವಾದವಿಲ್ಲ.

ಮೊದಲಕ್ಷರಗಳ ಕಥೆಗಳನ್ನು ಅನುಮಾನಿಸುವುದು ಸಾಮಾನ್ಯವಾಗಿ ಸರಿ, ಏಕೆಂದರೆ ಅಕ್ಷರಗಳನ್ನು ಜೋಡಿಸಿ ಪದ ಮಾಡುವ ಅಭ್ಯಾಸ ವ್ಯಾಪಕವಾದದ್ದು ಇಪ್ಪತ್ತನೆಯ ಶತಮಾನದಲ್ಲಿ. 'ಓಕೆ' ಅದಕ್ಕೆ ಅಪವಾದ, ಮತ್ತು ಅಪವಾದವೆಂದು ಸಾಧಿಸಿದ ರೀತಿಯೇ ನಿಮ್ಮ ವಿದ್ಯಾರ್ಥಿಗಳಿಗೆ ಒಳ್ಳೆಯ ಪಾಠವಾದೀತು. ಅದು ಚೋಕ್ಟಾ ಮೂಲನಿವಾಸಿಗಳ ಪದವೆಂದು ಬಹಳ ಜನ ನಂಬಿದ್ದರು; ಅಧ್ಯಕ್ಷ ವುಡ್ರೊ ವಿಲ್ಸನ್ ಆ ನಂಬಿಕೆಯಿಂದಲೇ ಅದರ ಕಾಗುಣಿತವನ್ನು ಬದಲಿಸಿ ಬರೆಯುತ್ತಿದ್ದರು. ಕೊಲಂಬಿಯಾ ವಿಶ್ವವಿದ್ಯಾಲಯದ ಅಲೆನ್ ವಾಕರ್ ರೀಡ್ 1963 ಮತ್ತು 1964ರಲ್ಲಿ ಪ್ರಕಟಿಸಿದ ಲೇಖನಮಾಲೆಯಲ್ಲಿ, 1839ರ ಮಾರ್ಚ್ 23ರ ಬಾಸ್ಟನ್ ಮಾರ್ನಿಂಗ್ ಪೋಸ್ಟ್‌ನಲ್ಲಿ ಅದು 'ಎಲ್ಲ ಸರಿ' ಎಂಬರ್ಥದ 'ಆಲ್ ಕರೆಕ್ಟ್' ಮಾತಿನ, ಬೇಕೆಂದೇ ತಪ್ಪಾಗಿ ಬರೆದ ಕಾಗುಣಿತದ ಸಂಕ್ಷೇಪವಾಗಿ ಬಂದಿರುವುದನ್ನು ತೋರಿಸಿದರು. ಅಷ್ಟಕ್ಕೇ ನಿಂತಿದ್ದರೆ ಅದೂ ಒಂದು ಒಂಟಿ ಸಾಕ್ಷಿಯೇ. ಆ ವರ್ಷಗಳಲ್ಲಿ ಬಾಸ್ಟನ್‌ನ ಪತ್ರಿಕೆಗಳಿಗೆ ಇಂಥ ಕುಚೇಷ್ಟೆಯ ಸಂಕ್ಷೇಪಗಳ ಹುಚ್ಚು ಹಿಡಿದಿತ್ತೆಂಬುದಕ್ಕೆ ಅವರು ಇನ್ನೂ ಅನೇಕ ಉದಾಹರಣೆಗಳನ್ನು ಜೊತೆಗಿಟ್ಟರು. 1840ರ ಚುನಾವಣೆಯಲ್ಲಿ, ಕಿಂಡರ್‌ಹುಕ್ ಊರಿನವರಾದ ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರೆನ್ ಅವರ 'ಓಲ್ಡ್ ಕಿಂಡರ್‌ಹುಕ್' ಎಂಬ ಅಡ್ಡಹೆಸರಿನೊಂದಿಗೆ ಸೇರಿಕೊಂಡು ಪದ ಹೇಗೆ ದೇಶವ್ಯಾಪಿಯಾಯಿತೆಂಬುದನ್ನೂ ತೋರಿಸಿದರು. ಇತರ ಸಂಕ್ಷೇಪಗಳೆಲ್ಲ ಸತ್ತು ಇದೊಂದು ಮಾತ್ರ ಏಕೆ ಬದುಕಿತು ಎಂಬ ಪ್ರಶ್ನೆಗೂ ಅದರಿಂದ ಉತ್ತರ ಸಿಗುತ್ತದೆ.

ಹುಡುಕುವುದಕ್ಕೆ: ಲೈಬ್ರರಿ ಆಫ್ ಕಾಂಗ್ರೆಸ್‌ನ ಕ್ರಾನಿಕ್ಲಿಂಗ್ ಅಮೆರಿಕ ತಾಣದಲ್ಲಿ ಹಳೆಯ ದಿನಪತ್ರಿಕೆಗಳನ್ನು ರಾಜ್ಯ ಮತ್ತು ವರ್ಷದ ಪ್ರಕಾರ ಉಚಿತವಾಗಿ ಹುಡುಕಬಹುದು. ಜೊನಾಥನ್ ಗ್ರೀನ್ ಅವರ ಆಡುಮಾತಿನ ನಿಘಂಟೂ ಅಂತರ್ಜಾಲದಲ್ಲಿ ಉಚಿತವಾಗಿದ್ದು, ಪ್ರತಿ ಅರ್ಥಕ್ಕೂ ವರ್ಷಾನುಕ್ರಮದ ಉಲ್ಲೇಖಗಳನ್ನು ಕೊಡುತ್ತದೆ. ಮಕ್ಕಳು ಮೊದಲು ಅಲ್ಲಿ ನೋಡಿ, ಬಳಿಕ ಪತ್ರಿಕೆಗಳಿಗೆ ಹೋಗುವುದು ಒಳ್ಳೆಯದು. ಹುಡುಕಾಟದಲ್ಲಿ ಸಿಕ್ಕ ಪುಟದ ಚಿತ್ರವನ್ನು ಕಣ್ಣಿನಿಂದ ಓದದೆ ಯಾವುದನ್ನೂ ಬರೆದುಕೊಳ್ಳಬಾರದು, ಏಕೆಂದರೆ ಮಾಸಿದ ಅಚ್ಚನ್ನು ಯಂತ್ರ ತಪ್ಪಾಗಿ ಓದುತ್ತದೆ, ಮತ್ತು 'ವಿಂಡಿ ಸಿಟಿ' ಎಂದು ಸಿಕ್ಕದ್ದು ಅಡ್ಡಹೆಸರೋ ಅಥವಾ ಅಂದು ಆ ಊರಿನಲ್ಲಿ ಬರಿದೇ ಗಾಳಿ ಬೀಸುತ್ತಿತ್ತೋ ಎಂಬುದು ಸಾಲು ಓದಿದರಷ್ಟೇ ತಿಳಿಯುತ್ತದೆ. ಗೂಗಲ್ ಬುಕ್ಸ್‌ನಲ್ಲಿ ನಿಯತಕಾಲಿಕೆಗಳ ಎಲ್ಲ ಸಂಪುಟಗಳಿಗೂ ಮೊದಲ ಸಂಚಿಕೆಯ ವರ್ಷವನ್ನೇ ಹಾಕಿರುವುದುಂಟು; ಮುಖಪುಟವನ್ನು ನೋಡಿಯೇ ವರ್ಷ ಬರೆಯಿರಿ. ಮಳೆಗಾಲದಲ್ಲಿ ನೆಟ್‌ವರ್ಕ್ ನಂಬುವಂತಿಲ್ಲವಾದ್ದರಿಂದ ಸಿಕ್ಕ ಪುಟವನ್ನು ಅಂದೇ ಇಳಿಸಿಟ್ಟುಕೊಳ್ಳುವುದೂ ಕ್ಷೇಮ.

ಉತ್ತರ: ಕುಂಚಿಕಲ್, ಹೊಸನಗರ

ಒಂದು ಸೇರಿಸುತ್ತೇನೆ. ಪ್ರಾದೇಶಿಕ ಮಾತಿಗೆ ದೊಡ್ಡ ಆಧಾರವೆಂದರೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಅಮೆರಿಕನ್ ಪ್ರಾದೇಶಿಕ ಇಂಗ್ಲಿಷ್ ನಿಘಂಟು. ಅದರ ಮೊದಲ ಸಂಪಾದಕರು ಫ್ರೆಡರಿಕ್ ಕ್ಯಾಸಿಡಿ. ಐರಿಷ್ ವಾದದ ಕ್ಯಾಸಿಡಿಯೊಂದಿಗೆ ಮಕ್ಕಳು ಇವರನ್ನು ಬೆರೆಸದಂತೆ ನೋಡಿಕೊಳ್ಳಿ. 1965ರಿಂದ 1970ರವರೆಗೆ ಅವರ ಕ್ಷೇತ್ರಕಾರ್ಯಕರ್ತರು ವ್ಯಾನುಗಳಲ್ಲಿ 1,002 ಊರುಗಳಿಗೆ ಹೋಗಿ, ಹೆಚ್ಚಾಗಿ ಅಲ್ಲಿಯೇ ಹುಟ್ಟಿ ಬೆಳೆದವರನ್ನು ಕೂರಿಸಿ ಒಂದೂವರೆ ಸಾವಿರಕ್ಕೂ ಹೆಚ್ಚು ಪ್ರಶ್ನೆಗಳನ್ನು ಕೇಳಿದರು. ಮೊದಲ ಸಂಪುಟ 1985ರಲ್ಲಿ ಬಂತು, ಅಕ್ಷರಮಾಲೆ ಮುಗಿದದ್ದು 2012ರಲ್ಲಿ. ನಿಘಂಟಿನ ಅಂತರ್ಜಾಲ ಆವೃತ್ತಿಗೆ ಚಂದಾ ಬೇಕಾದರೂ ಅಂದಿನ ಧ್ವನಿಮುದ್ರಣಗಳು ವಿಶ್ವವಿದ್ಯಾಲಯದ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಇಲಿಯೊಂದರ ಒಂದೇ ಕಥೆಯನ್ನು ಬೇರೆ ಬೇರೆ ರಾಜ್ಯಗಳ ಜನ ತಮ್ಮ ತಮ್ಮ ಉಚ್ಚಾರದಲ್ಲಿ ಓದಿರುವುದು ಅಲ್ಲಿದೆ. ಕಾಲೇಜಿನ ಕಂಪ್ಯೂಟರ್ ಕೊಠಡಿಯಲ್ಲಿ ಕೇಳಿಸಬಹುದು.

ತುಂಗಾತೀರ, ಶಿವಮೊಗ್ಗ

ಹಾಗೆಯೇ ಮಾಡುತ್ತೇವೆ. ಪ್ರತಿ ಪದದ ಕೆಳಗೆ ಈಗ ಮೂರು ಸಾಲು ಇರಲಿದೆ: ಹಬ್ಬಿರುವ ಕಥೆ, ಈವರೆಗೆ ಸಿಕ್ಕ ಅತಿ ಹಳೆಯ ಬಳಕೆಯ ವರ್ಷ ಮತ್ತು ಊರು, ಹಾಗೂ ವಿದ್ಯಾರ್ಥಿಯ ತೀರ್ಮಾನ. 'ಹೂಜಿಯರ್' ಮುಂದೆ ಮೂರನೆಯ ಸಾಲಿನಲ್ಲಿ 'ಇತ್ಯರ್ಥವಾಗಿಲ್ಲ' ಎಂದು ಬರೆಸುತ್ತೇನೆ. ಪಟ್ಟಿಯಲ್ಲಿಲ್ಲದ ಒಂದು ಪದವನ್ನೂ ಸೇರಿಸುತ್ತಿದ್ದೇವೆ: ನ್ಯೂ ಆರ್ಲಿಯನ್ಸ್‌ನ ಅಂಗಡಿಯವರು ಗಿರಾಕಿಗೆ ಕೊಡುವ ಕೊಸರಿಗೆ ಹೇಳುವ 'ಲನ್ಯಾಪ್'. ಅದು ಪೆರುವಿನ ಕೆಚುವಾ ಭಾಷೆಯಿಂದ ಸ್ಪ್ಯಾನಿಷ್ ಮೂಲಕ ಬಂದದ್ದೆಂದು ಒಬ್ಬ ವಿದ್ಯಾರ್ಥಿನಿ ಓದಿದ್ದಾಳೆ. ದಾರಿಯ ಪ್ರತಿ ಹೆಜ್ಜೆಗೂ ಆಧಾರ ತಂದ ಮೇಲೆಯೇ ಅಂಟಿಸುವುದೆಂದು ಅವಳಿಗೆ ಹೇಳಿದ್ದೇನೆ.